ಕೋಣೆಯಲ್ಲಿ ಇನ್ಯಾರಿದ್ದರು?

೧

ಹೇಗೆ ಶುರು ಮಾಡಲಿ? "ಸಾಮಾಜಿಕ ಸಂಶೋಧನಾ ವಿಧಾನ ಕಲಿಯಲು ಯಾವ ಪಠ್ಯಪುಸ್ತಕ ಒಳ್ಳೆಯದು?" ಎಂದು ಶುರು ಮಾಡಿದರೆ ನೀವು ಪುಟ ತಿರುಗಿಸಿಬಿಡುತ್ತೀರಿ. ಅದಕ್ಕೇ ಮೊದಲ ಡ್ರಾಫ್ಟಿನಲ್ಲಿ ಒಂದು ಕೊಲೆ ಇಟ್ಟಿದ್ದೆ. ಕಥಾನಾಯಕಿ ಒಪ್ಪಲಿಲ್ಲ. "ಕಾಲೇಜಲ್ಲಿ ಪಾಠ ಮಾಡೋಳು ನಾನು. ಶುಕ್ರವಾರದೊಳಗೆ ಪುಸ್ತಕದ ಹೆಸರು ಬರೆದು ಫಾರಂ ಕೊಡ್ಬೇಕು. ನಿಮ್ಮ ಕೊಲೆಗೆಲ್ಲ ಟೈಮಿಲ್ಲ," ಎಂದಳು. ಕೊಲೆಯನ್ನು ಹೊಡೆದುಹಾಕಿದೆ.

೨

ಹಾಗಾದರೆ ಇದ್ದದ್ದು ಇದ್ದ ಹಾಗೆ. ಮೇಜಿನ ಮೇಲೆ ಎರಡು ಪುಸ್ತಕ. ದಪ್ಪದ್ದು ಅವಳ ಗುರುಗಳಾದ ದೊಡ್ಡ ಮೇಷ್ಟ್ರು ಬರೆದದ್ದು. ಮೂವತ್ತು ವರ್ಷದಿಂದ ಅದೇ ಪಠ್ಯ. ತೆಳ್ಳಗಿನದು ಹೊಸದು, ಇನ್ನೂ ಅಂಟಿನ ವಾಸನೆ ಹೋಗಿಲ್ಲ. ದೊಡ್ಡ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾದರೂ ಪ್ರತಿ ವರ್ಷ ಫೋನ್ ಮಾಡಿ, "ಈ ಸಲಾನೂ ನಮ್ದೇ ತಾನೇನಮ್ಮ?" ಎಂದು ಕೇಳುತ್ತಾರೆ. ಅವಳು "ಹೌದು ಸರ್" ಅನ್ನುತ್ತಾಳೆ. (ಉತ್ತರವನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಪ್ರಶ್ನೆ ಕೇಳಬಾರದೆಂದು ಅವರದೇ ಪುಸ್ತಕದ ಮೂರನೇ ಅಧ್ಯಾಯ ಹೇಳುತ್ತದೆ. ಇರಲಿ.)

೩

ದಪ್ಪ ಪುಸ್ತಕದ ಐದನೇ ಅಧ್ಯಾಯದಲ್ಲಿ ಒಂದು ಮಾದರಿ ಸಂದರ್ಶನವಿದೆ. ಹತ್ತು ವರ್ಷ ಪಾಠ ಮಾಡಿದ್ದಾಳೆ, ಅಡಿಟಿಪ್ಪಣಿ ಮಾತ್ರ ಓದಿರಲಿಲ್ಲ. (ನೀವೇನು ಓದುತ್ತೀರಾ?) ಈ ಸಲ ಓದಿದಳು.

"ಉತ್ತರದಾತೆ ೧೭: ವಯಸ್ಸು ೨೬. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಹೆರಿಗೆಯ ನಂತರ ಕೆಲಸ ಬಿಟ್ಟಿದ್ದಾರೆ. ಬೇಸರವಿದೆಯೇ? ಇಲ್ಲ."

ಕೆಳಗೆ ಸಣ್ಣಕ್ಷರದಲ್ಲಿ: "ಎಡಗೈಗೆ ಪ್ಲಾಸ್ಟರ್ ಹಾಕಿದ್ದ ಮೂರು ವರ್ಷದ ಮಗಳು ಪ್ರಶ್ನಾವಳಿಯ ಮೇಲೆ ನೀರು ಚೆಲ್ಲಿದ್ದರಿಂದ ಎರಡನೇ ಪುಟವನ್ನು ಮತ್ತೆ ಬರೆಯಲಾಯಿತು."

ಅವಳ ಎಡ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವಳು ಸರ್ವೆಯವರ ಕಾಗದ ತೋಯಿಸಿದ್ದನ್ನು ಮನೆಮಂದಿ ಈಗಲೂ ಹೇಳಿಕೊಂಡು ನಗುತ್ತಾರೆ. ಹದಿನೇಳು ಅಂದರೆ ಅಮ್ಮ. ಅಮ್ಮ ಕೆಲಸ ಬಿಟ್ಟದ್ದು ತನ್ನಿಂದ. ಆ "ಇಲ್ಲ" ನಿಜವೇ? ಅಲ್ಲದಿದ್ದರೆ, ಒಳ್ಳೆಯ ಮಾಹಿತಿಗೆ ಉದಾಹರಣೆಯೆಂದು ಹತ್ತು ವರ್ಷದಿಂದ ತಾನು ಬೋರ್ಡಿನ ಮೇಲೆ ಬರೆದದ್ದೇನು? ಅವಳಿಗೆ ಭಯವಾಯಿತು.

೩ (ಮತ್ತೆ, ಮೇಲಿನದು ಸ್ವಲ್ಪ ಸಿನಿಮಾ ಆಯಿತು)

ತೆಳ್ಳಗಿನ ಪುಸ್ತಕದ ಮಾದರಿ ಪ್ರಶ್ನಾವಳಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಗೆರೆ ಇದೆ: "ಕೋಣೆಯಲ್ಲಿ ಇನ್ಯಾರಿದ್ದರು?" ದಪ್ಪ ಪುಸ್ತಕದ ಆರುನೂರು ಪುಟ ತಿರುವಿ ಹಾಕಿದರೂ ಆ ಪ್ರಶ್ನೆ ಸಿಗಲಿಲ್ಲ. ಎರಡೂ ಪುಸ್ತಕ, ಫಾರಂ ಎಲ್ಲ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಅಮ್ಮ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದರು.

"ಅಮ್ಮಾ, ಅವತ್ತು ಸರ್ವೆಯವರು ಬಂದಾಗ ಯಾರ್ಯಾರಿದ್ರು?"

"ನೀನಿದ್ದೆ, ನೀರು ಚೆಲ್ಲೋಕೆ. ನಿಮ್ಮಜ್ಜಿ ನನ್ನ ಪಕ್ಕದಲ್ಲೇ ಕೂತಿದ್ರು. ನಿಮ್ಮಪ್ಪ ಬಾಗಿಲ ಹತ್ರ."

"ಬೇಸರ ಇದ್ಯಾ ಅಂತ ಕೇಳಿದ್ರಲ್ಲ..."

"ಅತ್ತೆ ಪಕ್ಕ ಕೂತ್ಕೊಂಡು ಇನ್ನೇನೇ ಹೇಳ್ಲಿ? ಒಳ್ಳೆ ಚೆನ್ನಾಗಿದೆ!"

"ಹಾಗಾದ್ರೆ ಇತ್ತಾ?"

ಅಮ್ಮ ಒಂದೇ ದಿಂಬಿನ ಕವರನ್ನು ಎರಡು ಸಲ ಮಡಚಿದರು.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ಅಮ್ಮ ಅಳುತ್ತಿದ್ದರು. "ನಾನ್ಯಾಕಪ್ಪಾ ಅಳ್ಲಿ? ನಿನಗೇನು ಬೇರೆ ಕೆಲಸ ಇಲ್ವಾ?" ಎಂದು ನನ್ನನ್ನೇ ದಬಾಯಿಸಿದರು.)

ಮುಕ್ತಾಯ ಬೇಕಾದರೆ ಆರಿಸಿಕೊಳ್ಳಿ. ಒಂದು: ಫಾರಂನಲ್ಲಿ ತೆಳ್ಳಗಿನ ಪುಸ್ತಕದ ಹೆಸರು, ದೊಡ್ಡ ಮೇಷ್ಟ್ರು ಫೋನ್ ಮಾಡುವುದನ್ನೇ ಬಿಡುತ್ತಾರೆ. ಇನ್ನೊಂದು: ದಪ್ಪದ್ದೇ ಇರಲಿ, ಐದನೇ ಅಧ್ಯಾಯಕ್ಕೆ ಒಂದು ತಿದ್ದುಪಡಿ ಚೀಟಿ ಅಂಟಿಸಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಚೀಟೀಲಿ ಏನಂತ ಬರೀಲಿ?" ಎಂದು ಕಥಾನಾಯಕಿ ನನ್ನ ಮೇಲೆ ರೇಗಿದಳು. "ಅಮ್ಮ ಇನ್ನೂ ಹೇಳೇ ಇಲ್ವಲ್ಲ!"

ಅದೂ ನಿಜವೇ. ಪುಸ್ತಕ ಆಮೇಲಿನ ಮಾತು. ಅವಳಿಗೆ ಬೇಕಾಗಿದ್ದುದು ಆ ಒಂದು ಉತ್ತರ, ಮೂವತ್ತೈದು ವರ್ಷ ತಡವಾಗಿಯಾದರೂ.

೬

ಅಮ್ಮ ತಲೆಯೆತ್ತಿ ಈ ಕಡೆ ನೋಡಿದರು.

"ಇವರೆಲ್ಲ ಯಾರೇ?"

"ಒಬ್ರು ಕಥೆ ಬರೆಯೋರು. ಉಳಿದೋರು ಓದೋರು."

"ಆಗ ಅತ್ತೆ, ಈಗ ಇವರು. ಎದ್ದು ಹೋಗೋಕೆ ಹೇಳು. ನಿನಗೊಬ್ಬಳಿಗೇ ಹೇಳ್ತೀನಿ."

ನಾನು ಹೊರಗೆ ಬಂದೆ. ನೀವೂ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ. ಕಿವಿ ಕೊಟ್ಟು ಪ್ರಯೋಜನವಿಲ್ಲ. ನಾನು ಕೊಟ್ಟು ನೋಡಿದೆ. ಫಾರಂ ಒಳಗೇ ಇದೆ, ಎರಡು ಪುಸ್ತಕವೂ ಒಳಗೇ ಇವೆ. ಈಗಷ್ಟೇ ನೀರಿನ ಲೋಟ ಉರುಳಿದ ಸದ್ದಾಯಿತು. ಯಾರು ಚೆಲ್ಲಿದರೋ, ಯಾವುದರ ಮೇಲೆ ಚೆಲ್ಲಿದರೋ, ಇಲ್ಲಿಂದ ಕಾಣುವುದಿಲ್ಲ. ನಮ್ಮನ್ನಂತೂ ಇನ್ನೂ ಯಾರೂ ಒಳಗೆ ಕರೆದಿಲ್ಲ.