ಗುಬ್ಬಿ ತೂಕಡಿಸಿದ ಮಧ್ಯಾಹ್ನ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ. ಹಾಗಾಗಿ ಎಲ್ಲರಿಗೂ ಅಕ್ಕ. ಇಸ್ತ್ರಿ ಯಂತ್ರದ ಈಚೆ ನಿಂತು ಅಕ್ಕ ಒದ್ದೆ ಬೆಡ್‌ಶೀಟುಗಳನ್ನು ಒಳಗೆ ಬಿಟ್ಟರೆ, ಆಚೆ ನಿಂತು ಗುಬ್ಬಿ ಅವನ್ನು ಹಿಡಿದು ಮಡಿಸುತ್ತಿದ್ದಳು. ಆಳು ಪುಟ್ಟದು, ಕೈ ಚುರುಕು, ಬಾಯಿ ಇನ್ನೂ ಚುರುಕು. ಅದಕ್ಕೇ ಆ ಹೆಸರು. ಅಕ್ಕನಿಗೆ ಆಪರೇಷನ್ ಆದಾಗ ಹದಿನೈದು ದಿನ ಬಂದು ತಲೆ ಬಾಚಿ ಹೋದವಳು.

ಒಂದು ಮಧ್ಯಾಹ್ನ ಯಂತ್ರದ ಶಾಖ ಮಿತಿಮೀರಿ ಬೆಡ್‌ಶೀಟಿನ ರಾಶಿಯೇ ಸುಟ್ಟು ಕರಕಲಾಯಿತು. ಗುಬ್ಬಿಯ ಮೊಣಕೈವರೆಗೂ ಬೊಬ್ಬೆ ಎದ್ದಿತು. ಮರುದಿನ ಮೇಲ್ವಿಚಾರಕ ಅಕ್ಕನನ್ನು ಕೋಣೆಗೆ ಕರೆದ.

"ಮೇಲಿನವರಿಗೆ ಏನಾದ್ರೂ ಬರೆದುಕೊಡ್ಬೇಕಲ್ಲಮ್ಮ. ಅವಳು ತೂಕಡಿಸ್ತಿದ್ಲು ಅಂತ ಹಾಕಿದೀನಿ. ನೀವೊಂದು ಸಹಿ ಮಾಡಿಬಿಡಿ. ಏನೂ ಆಗಲ್ಲ, ಫೈಲಿಗೆ ಸೇರುತ್ತೆ, ಅಷ್ಟೆ."

"ಅವಳು ತೂಕಡಿಸ್ತಿರ್ಲಿಲ್ಲ ಸರ್. ಹೊಗೆ ನೋಡಿ ಕೂಗಿದ್ದೇ ಅವಳು."

"ಬಲವಂತ ಏನಿಲ್ಲ. ನಿಮ್ಮಿಷ್ಟ." ಅವನು ಚಹಾ ತರಿಸಿದ.

ಹೆದರಿಸಿದ್ದರೆ ಅಕ್ಕ ಸೆಟೆದು ನಿಲ್ಲುತ್ತಿದ್ದಳೋ ಏನೋ. ಅವನು ಹೆದರಿಸಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ಚಹಾ ಕುಡಿದ ಮೇಲೆ ಸುಮ್ಮನೆ ಎದ್ದು ಹೋಗಲು ಸಂಕೋಚವಾಯಿತು. ಸಹಿ ಹಾಕಿದಳು.

ವಾರದೊಳಗೆ ಗುಬ್ಬಿಯನ್ನು ಕೆಲಸದಿಂದ ತೆಗೆದರು.

ನಾಲ್ಕನೆಯ ದಿನ ಅಕ್ಕ ಎಲ್ಲ ಹೇಳಿಬಿಡೋಣವೆಂದು ಗುಬ್ಬಿಯ ಬೀದಿಯವರೆಗೂ ಹೋಗಿ ವಾಪಸು ಬಂದಳು. ಐದನೆಯ ದಿನ ನೆನಪಾಯಿತು: ಆವತ್ತು ಗುಬ್ಬಿ ಆಕಳಿಸಿದ್ದಳಲ್ಲವೇ? ಆಕಳಿಸಿದ್ದಳು. ಕಣ್ಣೂ ಕೆಂಪಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಆಕಳಿಕೆ ತೂಕಡಿಕೆಯಾಯಿತು, ತೂಕಡಿಕೆ ನಿದ್ದೆಯಾಯಿತು. "ಯಂತ್ರ ಕೆಟ್ಟಿತ್ತಂತೆ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಊಟದ ಹೊತ್ತಿನಲ್ಲಿ ಬೇರೆಯವರಿಗೆ ಹೇಳತೊಡಗಿದಳು. ತಲೆ ಬಾಚಿದ್ದು ನೆನಪಾದರೆ, ಅದೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಮಾಡಿದ್ದೇ ಅನಿಸುತ್ತಿತ್ತು.

ಕೊನೆಗೊಂದು ದಿನ ರಿಪೇರಿಗೆ ಬಂದ ಮೆಕ್ಯಾನಿಕ್ ಯಂತ್ರ ಬಿಚ್ಚಿ ನೋಡಿ, "ಶಾಖ ತಡೆಯೋ ಭಾಗ ಯಾವತ್ತೋ ಸತ್ತುಹೋಗಿದೆ. ಯಾರು ಎಚ್ಚರ ಇದ್ರೂ ಇದು ಸುಡೋದೇ" ಎಂದ.

ಅಕ್ಕ ಉರಿದುಬಿದ್ದಳು. "ಆವತ್ತು ನೀವಿದ್ರಾ ಇಲ್ಲಿ? ಕಣ್ಣಾರೆ ಕಂಡೋಳು ನಾನು!"

ತನ್ನ ದನಿಗೆ ತಾನೇ ಬೆಚ್ಚಿದಳು. ಆದರೆ ಹೇಳಿದ್ದು ಸುಳ್ಳೆಂದು ಅನಿಸಲಿಲ್ಲ.

ಆರು ತಿಂಗಳ ಮೇಲೆ ಬಸ್‌ಸ್ಟಾಪಿನಲ್ಲಿ ಗುಬ್ಬಿ ಸಿಕ್ಕಳು. ಯಾರದೋ ಮನೆಯ ನೆಲ ಒರೆಸಿ ಬರುತ್ತಿದ್ದಳು. ಕೈಯ ಮೇಲೆ ಕಲೆ ಉಳಿದಿತ್ತು.

"ಅಕ್ಕಾ! ಏನು ಹಿಂಗೆ ಸೊರಗಿಹೋಗಿದೀಯ? ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ವೋ?" ಎಂದು ಕೈ ಹಿಡಿದುಕೊಂಡಳು. "ಯಾವನೋ ಪುಣ್ಯಾತ್ಮ ಸುಳ್ಳು ಬರ್ಕೊಟ್ನಂತೆ. ಹೋಗ್ಲಿ ಬಿಡು. ನೀನಾದ್ರೂ ನನ್ನ ಪರ ಹೇಳಿರ್ತೀಯ, ಅದೇ ಸಮಾಧಾನ."

ಅವಳು ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

"ಸುಳ್ಳೇನಲ್ಲ. ನೀನು ನಿದ್ದೆ ಮಾಡ್ತಿದ್ದೆ."

ಗುಬ್ಬಿ ಅವಳ ಮುಖವನ್ನೇ ನೋಡಿದಳು. ಹಿಡಿದ ಕೈ ಮೆಲ್ಲಗೆ ಸಡಿಲವಾಯಿತು.

"ನೀನಾ ಅಕ್ಕ?"

ಬಸ್ಸು ಬಂತು. ಗುಬ್ಬಿ ಹತ್ತದೆ, ನಡೆದೇ ಹೊರಟುಹೋದಳು.

ಮನೆಗೆ ಬಂದವಳೇ ಅಕ್ಕ ತನ್ನ ತಂಗಿಗೆ ಹೇಳಿದಳು: "ಒಂದು ಮಾತೂ ಎದುರಾಡ್ಲಿಲ್ಲ ನೋಡು. ತಪ್ಪಿಲ್ಲದಿದ್ರೆ ಸುಮ್ನೆ ಹೋಗ್ತಿದ್ಲಾ?"

ತಂಗಿ ಅಕ್ಕಿ ತೊಳೆಯುತ್ತಲೇ ಇದ್ದಳು. ಅಕ್ಕ ಇನ್ನೊಮ್ಮೆ ಹೇಳಿದಳು. ಊಟಕ್ಕೆ ಕೂತಾಗ ಮತ್ತೂ ಒಮ್ಮೆ.