ಕುಮಂಜಾಯಿಯ ಇಪ್ಪತ್ತೆಂಟನೆಯ ದಿನ

ಮರುಭೂಮಿಯ ನಡುವಿನ ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರೂ ಅವರ ಜೊತೆಗೇ ಹೋಗುತ್ತದೆ. ಯಾರೂ ಅದನ್ನು ಬಾಯಲ್ಲಿ ಆಡುವುದಿಲ್ಲ. ಅದೇ ಹೆಸರಿನವರು ಬೇರೆ ಯಾರಾದರೂ ಇದ್ದರೆ ಅವರನ್ನು ಆಮೇಲೆ ಕುಮಂಜಾಯಿ ಎಂದಷ್ಟೇ ಕರೆಯುತ್ತೇವೆ.

ಡಲ್ಸಿಯಜ್ಜಿಯ ಮೊಮ್ಮಗಳಿಗೆ ಹತ್ತು ವರ್ಷ. ಡಲ್ಸಿಯ ಅಕ್ಕನ ಮಗಳ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಆ ಅಕ್ಕನ ಮಗಳು ಮೂವತ್ತು ತುಂಬುವ ಮೊದಲೇ ಹೋಗಿಬಿಟ್ಟಳು. ಅಂದಿನಿಂದ ಹುಡುಗಿ ಕುಮಂಜಾಯಿ. ಅವಳ ಮೊದಲಿನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಹಿಂದಿನ ಬೇಸಗೆಯಲ್ಲಿ ಹುಡುಗಿಗೆ ಗಂಟಲು ನೋವು ಬಂದಿತ್ತು. ಅದು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮಂಡಿ ಊದಿತು. ಮಂಡಿ ಇಳಿದರೆ ಮೊಣಕೈ ಊದಿತು. ಪಟ್ಟಣದ ಡಾಕ್ಟರು ಪರೀಕ್ಷೆ ಮಾಡಿ, “ಇದು ರುಮ್ಯಾಟಿಕ್ ಜ್ವರ. ಹೃದಯದ ಕವಾಟದಲ್ಲಿ ಸಣ್ಣದೊಂದು ಸೋರಿಕೆ ಶುರುವಾಗಿದೆ,” ಎಂದರು. ಇಪ್ಪತ್ತೆಂಟು ದಿನಕ್ಕೊಂದು ಪೆನಿಸಿಲಿನ್ ಸೂಜಿ ತಪ್ಪಬಾರದು ಎಂದು ಚೀಟಿ ಬರೆದುಕೊಟ್ಟರು.

ಆಮೇಲೆ ಡಲ್ಸಿಯ ಅಕ್ಕನ ಮಗಳ ಸಾವಾಯಿತು. ಕುಟುಂಬವೆಲ್ಲ ಮನೆ ಬಿಟ್ಟು ಒಣಹೊಳೆಯ ದಂಡೆಯಲ್ಲಿ ಸೂತಕದ ಬಿಡಾರ ಹೂಡಿತು. ಸೂಜಿಯ ದಿನ ಕ್ಲಿನಿಕ್ಕಿನ ಹೊಸ ನರ್ಸ್ ಹೀದರ್ ಗಾಡಿಯನ್ನು ನೇರವಾಗಿ ಬಿಡಾರದೊಳಗೇ ತಂದಳು. ಪಟ್ಟಿ ನೋಡಿಕೊಂಡು ಹುಡುಗಿಯ ಮೊದಲಿನ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಒಂದು ಸಲವಲ್ಲ, ಮೂರು ಸಲ. ಹೆಂಗಸರು ಕಿವಿ ಮುಚ್ಚಿಕೊಂಡರು. ಡಲ್ಸಿ ಮೊಮ್ಮಗಳನ್ನು ಎಳೆದುಕೊಂಡು ಟಾರ್ಪಾಲಿನ ಹಿಂದೆ ಹೋದಳು. ಹೀದರ್ ‘ಸಿಗಲಿಲ್ಲ’ ಎಂದು ಬರೆದುಕೊಂಡು ಹೊರಟುಹೋದಳು.

ಆರೋಗ್ಯ ಕಾರ್ಯಕರ್ತೆ ರೊಶೆಲ್ ನಮ್ಮೂರವಳೇ, ಬಳಿಯ, ಅಂದರೆ ಹುಟ್ಟಿನಿಂದ ಬರುವ ಕುಲದ, ಲೆಕ್ಕದಲ್ಲಿ ಡಲ್ಸಿಗೆ ಮಗಳಾಗಬೇಕು. ಅವಳು ರಜೆ ಮುಗಿಸಿ ಬರುವಷ್ಟರಲ್ಲಿ ಮೂವತ್ತಾರನೆಯ ದಿನವಾಗಿತ್ತು. ಪಟ್ಟಿ ನೋಡಿದವಳೇ ಹೀದರ್‌ಳನ್ನು ಜೊತೆಗೆ ಕರೆದುಕೊಂಡು ಹೊರಟಳು. ಈ ಸಲ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಕರೆಯುವ ತನಕ ಇಬ್ಬರೂ ಮಣ್ಣಿನಲ್ಲಿ ಕೂತರು. ಬಹಳ ಹೊತ್ತು ಕೂತರು. ಕೊನೆಗೆ ಡಲ್ಸಿ ಕೈಬೀಸಿ ಕರೆದಳು.

“ಏನೇ, ಸಮುದ್ರ ನೋಡ್ಕೊಂಡು ಬಂದ್ಯಾ? ಚೆನ್ನಾಗಿ ಊದಿದೀಯ.”

“ನಿನ್ನ ಕೈ ರೊಟ್ಟಿ ಇಲ್ದೆ ಸೊರಗಿದೀನಿ ಅವ್ವಾ. ಕೊಡು ಒಂದು ತುಂಡು.”

ಡಲ್ಸಿ ಬಿಸಿ ಬೂದಿಯಲ್ಲಿ ಬೆಂದ ರೊಟ್ಟಿ ತೆಗೆದು, ಬೂದಿ ಕೊಡವಿ ಕೊಟ್ಟಳು. “ರೊಟ್ಟಿ ಕೊಡ್ತೀನಿ, ಹುಡುಗೀನ ಕೊಡಲ್ಲ. ಈ ಕೆಂಪು ಮೂಗಿನೋಳು ಸೂತಕದ ಮಧ್ಯೆ ನಿಂತು ಹೇಗೆ ಕಿರುಚಿದ್ಲು ಗೊತ್ತಾ? ನಾಯಿಗಳಿಗೂ ನಾಚಿಕೆ ಆಯ್ತು.”

ಹೀದರ್ ತಲೆ ತಗ್ಗಿಸಿದಳು. “ತಪ್ಪಾಯ್ತು ಅಜ್ಜಿ. ಮೊದ್ಲು ಯಾರನ್ನಾದ್ರೂ ಕೇಳ್ಬೇಕಿತ್ತು. ಕೇಳ್ಲಿಲ್ಲ.”

ರೊಶೆಲ್ ಹೊಸ ಚೀಟಿ ತೆಗೆದು ಹುಡುಗಿಗೆ ಕೊಟ್ಟಳು. “ಓದು ನೋಡೋಣ.”

“ಕುಮಂಜಾಯಿ ನಂಪಿಜಿನ್ಪ,” ಎಂದು ಹುಡುಗಿ ಓದಿದಳು. ನಂಪಿಜಿನ್ಪ ಅವಳ ಬಳಿಯ ಹೆಸರು. “ಅಜ್ಜೀ, ಇದು ನಾನೇ!”

ಡಲ್ಸಿಯ ಮುಖ ಸ್ವಲ್ಪ ಸಡಿಲವಾಯಿತು. “ಸರಿ. ಆದ್ರೂ ಸೂತಕ ಮುಗೀಲಿ. ಇವಳಿಗೇನಾಗಿದೆ ಈಗ? ಚೆಂಡು ಒದ್ದೂ ಒದ್ದೂ ಗಂಡುಹುಡುಗ್ರನ್ನ ಅಳಿಸ್ತಾಳೆ. ಚೆನ್ನಾಗಿರೋ ಮಗೂನ ಯಾಕೆ ಚುಚ್ಚೋದು?”

“ಅವ್ವಾ, ನೀನು ದನದ ಫಾರಂನಲ್ಲಿ ಗಾಳಿಗೆ ತಿರುಗೋ ನೀರಿನ ಪಂಪು ರಿಪೇರಿಗೆ ಹೋಗ್ತಿದ್ದೆ ತಾನೆ? ಮೇಲೆ ಚಕ್ರ ಜೋರಾಗಿ ತಿರುಗ್ತಿದ್ರೂ ತೊಟ್ಟೀಗೆ ನೀರು ಬೀಳ್ತಿರ್ಲಿಲ್ಲ. ಯಾಕೆ?”

“ಒಳಗಿನ ಚರ್ಮದ ಬಿಲ್ಲೆ ಸವೆದಿರುತ್ತೆ ಕಣೇ. ಮೇಲೆ ಬಂದ ನೀರು ಹಿಂದಕ್ಕೆ ಜಾರುತ್ತೆ. ಹೊರಗಿಂದ ಏನೂ ಕಾಣಲ್ಲ.”

“ಎದೇಲೂ ಅಂಥ ಬಿಲ್ಲೆಗಳಿವೆ. ಆ ಜ್ವರ ಮತ್ತೆ ಮತ್ತೆ ಬಂದ್ರೆ ಅವು ಸವೀತವೆ. ಸೂಜಿ ಸವೆದಿದ್ದನ್ನ ಹೊಸದು ಮಾಡಲ್ಲ, ಜ್ವರ ಮತ್ತೆ ಬರದ ಹಾಗೆ ಕಾವಲಿರುತ್ತೆ. ಅದೂ ಇಪ್ಪತ್ತೆಂಟು ದಿನ ಮಾತ್ರ. ಎಂಟು ದಿನದಿಂದ ನಿನ್ನ ಮಗು ಕಾವಲಿಲ್ದೆ ಓಡಾಡ್ತಿದೆ.”

“ಹೋದೋರಿಗೆ ಮರ್ಯಾದೆ ಬೇಡ್ವಾ?”

“ಬೇಕು. ಅದಕ್ಕೇ ನಾವು ಬಂದಿರೋದು. ನೀವು ಸೂತಕ ಬಿಟ್ಟು ಬರೋದು ಬೇಡ, ಸೂಜೀನೇ ಇಲ್ಲಿಗೆ ಬಂದಿದೆ.”

ಡಲ್ಸಿ ಪಕ್ಕಕ್ಕೆ ನೋಡಿದಳು. ಅಲ್ಲಿ ಅವಳ ಅಕ್ಕ ಕಂಬಳಿ ಹೊದ್ದು, ತಲೆಗೆ ಬಿಳಿಮಣ್ಣು ಬಳಿದುಕೊಂಡು ಕೂತಿದ್ದಳು. ಮಗಳನ್ನು ಕಳೆದುಕೊಂಡ ತಾಯಿ ನಮ್ಮಲ್ಲಿ ತಿಂಗಳುಗಟ್ಟಲೆ ಮಾತಾಡುವುದಿಲ್ಲ, ಹೇಳುವುದನ್ನು ಕೈಯಲ್ಲೇ ಹೇಳುತ್ತಾಳೆ. ಅವಳ ಮಗಳಿಗೂ ಇದೇ ಸೂಜಿ ಬರೆದಿದ್ದರು. ಊರೂರು ತಿರುಗಾಟದಲ್ಲಿ ಅವಳು ಅದನ್ನು ಬಿಟ್ಟುಬಿಟ್ಟಿದ್ದಳು. ಬಿಡಾರದಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಆದರೆ ಹೋದವಳ ಮಾತನ್ನು ಎತ್ತುವವರು ಯಾರು?

ಅಕ್ಕ ಕಂಬಳಿಯೊಳಗಿಂದ ಕೈ ಹೊರತೆಗೆದಳು. ಅಂಗೈಯನ್ನು ಎದೆಯ ಮೇಲಿಟ್ಟು, ಬರಿಗೈ ಕಾಣುವಂತೆ ತಿರುಗಿಸಿದಳು. ತುಟಿ ಮುಂದೆ ಮಾಡಿ ಹುಡುಗಿಯನ್ನು ತೋರಿಸಿದಳು, ಆಮೇಲೆ ರೊಶೆಲ್ ತಂದಿದ್ದ ಔಷಧಿಯ ಪೆಟ್ಟಿಗೆಯನ್ನು. ಮತ್ತೊಮ್ಮೆ ಪೆಟ್ಟಿಗೆಯನ್ನು.

“ಏನಂತಾರೆ?” ಹೀದರ್ ಮೆಲ್ಲಗೆ ಕೇಳಿದಳು.

“ತಡ ಮಾಡ್ಬೇಡಿ ಅಂತಾಳೆ,” ಎಂದು ಡಲ್ಸಿ ಕಣ್ಣೊರೆಸಿಕೊಂಡಳು.

ರೊಶೆಲ್ ಮುಚ್ಚಳ ಹಾಕಿದ ತಣ್ಣನೆಯ ಸಿರಿಂಜನ್ನು ಹುಡುಗಿಯ ಅಂಗೈಯಲ್ಲಿಟ್ಟು, “ಬೆಚ್ಚಗೆ ಮಾಡು, ನೋವು ಕಮ್ಮಿಯಾಗುತ್ತೆ,” ಎಂದಳು.

“ಮೊಟ್ಟೆಗೆ ಕಾವು ಕೊಟ್ಟ ಹಾಗಿದೆ.”

“ಮರಿ ಆಗೋಕೆ ಮುಂಚೆ ವಾಪಸ್ ಕೊಡು ಮಾರಾಯ್ತಿ.”

ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ರೊಶೆಲ್ ಔಷಧಿಯನ್ನು ನಿಧಾನವಾಗಿ ಬಿಟ್ಟಳು. ಹುಡುಗಿ ಹಲ್ಲು ಕಚ್ಚಿ, “ಅಜ್ಜೀ, ಕೈ ಬಿಡು! ಸೂಜಿಗಿಂತ ನಿನ್ನ ಹಿಡೀನೇ ನೋವು,” ಎಂದಳು. ಎಷ್ಟೋ ದಿನಗಳ ಮೇಲೆ ಬಿಡಾರದಲ್ಲಿ ಯಾರೋ ನಕ್ಕರು.

“ಮುಂದಿನ್ದು ಯಾವಾಗ?” ಡಲ್ಸಿ ಕೇಳಿದಳು. “ಆ ಹೊತ್ತಿಗೆ ನಾವು ಗಡಿಯಾಚೆ ನಾದಿನಿ ಊರಲ್ಲಿರ್ತೀವಿ.”

“ಇವತ್ತು ಬೆಳೆಯೋ ಅರ್ಧ ಚಂದ್ರ ಇದಾನೆ. ತುಂಬಿ, ಕರಗಿ, ಮತ್ತೆ ಬೆಳೆದು ಇಷ್ಟೇ ಆಗೋಕೆ ಎರಡು ದಿನ ಮುಂಚೇನೇ, ಅಂದ್ರೆ ಇಪ್ಪತ್ತೆಂಟು ದಿನದೊಳಗೆ, ಅಲ್ಲಿನ ಕ್ಲಿನಿಕ್ಕಿಗೆ ಹೋಗಿ ಈ ಚೀಟಿ ತೋರ್ಸು. ಅಲ್ಲೂ ಇದೇ ಸೂಜಿ ಹಾಕ್ತಾರೆ.”

ಡಲ್ಸಿ ಚೀಟಿಯನ್ನು ಮಡಿಸಿ ಸಕ್ಕರೆ ಡಬ್ಬಿಯೊಳಗಿಟ್ಟಳು. ಚಹಾ ಮಾಡುವಾಗ ದಿನವೂ ಕಣ್ಣಿಗೆ ಬೀಳಲಿ ಎಂದು.

ಅಕ್ಕಂದಿರೇ, ಅಜ್ಜಿಯರೇ, ಮಕ್ಕಳ ಗಂಟಲು ನೋವನ್ನೂ ಚರ್ಮದ ಹುಣ್ಣನ್ನೂ ಸಣ್ಣದೆಂದು ಬಿಡಬೇಡಿ, ಈ ಜ್ವರ ಹುಟ್ಟುವುದು ಅಲ್ಲಿಂದಲೇ. ಕೀಲು ಊದಿದರೆ ಅಂದೇ ನಮ್ಮ ಕ್ಲಿನಿಕ್ಕಿಗೆ ಬನ್ನಿ. ಮಗು ಆಡುತ್ತಿದೆ ಎಂದು ಸೂಜಿಯ ದಿನ ಮುಂದೂಡಬೇಡಿ. ಪ್ರಯಾಣ ಹೊರಟರೆ ಚೀಟಿ ಜೊತೆಗಿರಲಿ. ಸೂತಕವಿದ್ದರೆ ಹೇಳಿ ಕಳಿಸಿ, ನಾವೇ ಬಂದು ದೂರದಲ್ಲಿ ಕೂತು ಕಾಯುತ್ತೇವೆ. ಮಗುವನ್ನು ಏನೆಂದು ಕರೆಯಬೇಕೆಂದು ಮೊದಲೇ ತಿಳಿಸಿ, ಹಾಗೆಯೇ ಕರೆಯುತ್ತೇವೆ.

ಒಂದು ಹೆಸರನ್ನು ಬಾಯೊಳಗೇ ಮುಚ್ಚಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಇನ್ನೊಂದನ್ನು ಮುಚ್ಚಿಡುವ ಹಾಗೆ ಆಗದಿರಲಿ.