ಅರವತ್ತೆರಡನೇ ನಂಬರಿನ ಹಾಡು

ಹಾಡಿನ ಹಾಳೆಗಳನ್ನು ಚಿಹಾರು ಜೆರಾಕ್ಸ್ ಮಾಡಿಸಿಕೊಂಡೇ ಬಂದಿದ್ದಳು. ಗೊಂದಾ ಯಜಮಾನರ ಉದೋನ್ ಶಾವಿಗೆ ಅಂಗಡಿಯ ಎರಡು ಉದ್ದ ಮೇಜುಗಳ ಸುತ್ತ ಕೂತಿದ್ದ ಹದಿನಾಲ್ಕು ಜನಕ್ಕೂ ಒಂದೊಂದು ಹಂಚುತ್ತಾ ಬಂದು, ತೊಮೊಯೆಯ ಬಟ್ಟಲಿನ ಪಕ್ಕದಲ್ಲೂ ಒಂದು ಇಟ್ಟಳು. ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ 'ಮೊಗಾಮಿ' ಎಂದಿತ್ತು.

ತೊಮೊಯೆ ಓದಿದಳು. ಹಾಡು ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಆಗ್ಲೇ ಹಾಡು ಕಟ್ಟಿಬಿಟ್ಟೆಯಲ್ಲೇ ಹುಡುಗಿ!" ಅಂದಳು ಶಿಗೆ ಅಜ್ಜಿ. ಬೆಳ್ಳಕ್ಕಿ ಬೇಸ್‌ಬಾಲ್ ತಂಡಕ್ಕೆ ಹಾಡಿ ಹುರಿದುಂಬಿಸುವ ಆ ಬಳಗದಲ್ಲಿ ಎಲ್ಲರಿಗಿಂತ ಹಿರಿಯಳು, ಎಂಬತ್ತು ದಾಟಿದವಳು. "ಆ ಹುಡುಗನ್ನ ಬೇರೆ ತಂಡದೋರು ಎತ್ಕೊಂಡು ಹೋದ್ರೆ ಈ ಹಾಳೇಲಿ ನಾನು ಮೀನು ಸುತ್ತಿಡ್ತೀನಿ ನೋಡು."

"ಬರ್ತಾನೆ ಅಜ್ಜಿ, ಬಂದೇ ಬರ್ತಾನೆ. ನಮ್ ತೊಮೊಯೆ ಅಕ್ಕನ ಕೈ ಇದೆಯಲ್ಲ," ಎಂದು ಚಿಹಾರು ತೊಮೊಯೆಯ ಭುಜ ಅಲ್ಲಾಡಿಸಿದಳು. ಅವಳು ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಟೀಚರ್. ಬಳಗ ಸೇರಿ ಮೂರೇ ವರ್ಷವಾಗಿದ್ದರೂ ತುತ್ತೂರಿಯವರೆಲ್ಲ ಈಗ ಅವಳ ಬೆರಳನ್ನೇ ನೋಡಿಕೊಂಡು ಊದುತ್ತಿದ್ದರು.

ಅದು ಅಕ್ಟೋಬರಿನ ಗುರುವಾರ. ಸಂಜೆ ಐದಕ್ಕೆ ಟೋಕಿಯೋದ ಹೋಟೆಲೊಂದರಲ್ಲಿ ಹನ್ನೆರಡು ಬೇಸ್‌ಬಾಲ್ ತಂಡಗಳೂ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಶುರುವಾಗಬೇಕಿತ್ತು. ಮತ್ಸುಯಾಮಾದ ಬೆಳ್ಳಕ್ಕಿ ತಂಡ ಮೊದಲ ಹೆಸರಾಗಿ ಮೊಗಾಮಿಯನ್ನೇ ಕೂಗುತ್ತದೆಂದು ವಾರದಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಹೈಸ್ಕೂಲು ಹುಡುಗ, ವಯಸ್ಸು ಹದಿನೆಂಟು. ಬೇಸಿಗೆಯ ಟೂರ್ನಿಯಲ್ಲಿ ಐದು ಹೋಮ್ ರನ್ ಹೊಡೆದವನು. ಪಿಚರ್ ಎಸೆದ ಚೆಂಡನ್ನು ಬ್ಯಾಟುಗಾರನ ಹಿಂದೆ ಕೂತು ಹಿಡಿಯುವ ಕ್ಯಾಚರ್.

ತೊಮೊಯೆಯ ಉಕಾಯ್ ಕೂಡ ಕ್ಯಾಚರೇ.

ಅರವತ್ತೆರಡನೇ ನಂಬರಿನ ಅಂಗಿಯ ಉಕಾಯ್ ಒಂಬತ್ತು ವರ್ಷದ ಹಿಂದೆ ಆರನೇ ಸುತ್ತಿನಲ್ಲಿ ಬಂದವನು. ಅವನ ಹೆಸರು ಕೂಗುವ ಹೊತ್ತಿಗೆ ಟಿವಿಯ ನೇರಪ್ರಸಾರವೇ ಮುಗಿದು, ಇದೇ ಅಂಗಡಿಯಲ್ಲಿ ಎಲ್ಲರೂ ಎದ್ದು ಹೋಗಿದ್ದರು. ಒಲೆಯ ಮೇಲಿನ ರೇಡಿಯೋದಲ್ಲಿ ಆ ಹೆಸರು ಕೇಳಿದವಳು ತೊಮೊಯೆ ಒಬ್ಬಳೇ. ಅಂದಿನಿಂದ ಅವನು ಅವಳವನು. ಅಭಿಮಾನಿಗಳು ಬೀಸುವ ಟವೆಲುಗಳಲ್ಲಿ ಅವನ ಹೆಸರಿನದು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ತಾನು ಕೆಲಸ ಮಾಡುವ ಟವೆಲ್ ಗಿರಣಿಯಲ್ಲಿ ಬದಿಗೆ ಹಾಕಿದ ಒಂದು ತುಂಡನ್ನು ಕೇಳಿ ಪಡೆದು, ಅಂಚು ಮಡಿಸಿ, ಕೈಯಾರೆ ಹೆಸರು ಕಸೂತಿ ಹಾಕಿಕೊಂಡಿದ್ದಳು.

ಬೆಳ್ಳಕ್ಕಿ ತಂಡದವನು ಬ್ಯಾಟು ಹಿಡಿದು ಬಂದರೆ ಬಳಗ ಅವನದೇ ಹಾಡು ಹಾಡುತ್ತದೆ. ಒಬ್ಬನದು ಇನ್ನೊಬ್ಬನಿಗಿಲ್ಲ. ಹಾಡಿಲ್ಲದವನು ಬಂದರೆ ಯಾರಿಗೂ ಹೊಂದುವಂಥ ಒಂದು ಸಾಮಾನ್ಯ ರಾಗ ಊದಿ, ನಡುವೆ ಅವನ ಹೆಸರು ಕೂಗುತ್ತಾರೆ. ಉಕಾಯ್‌ಗೆ ಒಂಬತ್ತು ವರ್ಷದಿಂದ ಅದೇ. ಒಂದೇ ವರ್ಷದಲ್ಲಿ ಮೂವತ್ತು ಪಂದ್ಯ ಆಡಿದವನಿಗೆ ಮಾತ್ರ ಹಾಡು ಎನ್ನುವುದು ಗೊಂದಾ ಯಜಮಾನರ ನಿಯಮ. ಈ ವರ್ಷ ಇಪ್ಪತ್ತೇಳಕ್ಕೆ ಬಂದಾಗ ಚೆಂಡು ತಾಗಿ ಹೆಬ್ಬೆರಳು ಮುರಿಯಿತು. ಮೂರು ಪಂದ್ಯ ಬಿಟ್ಟುಕೊಡಿ ಎಂದು ತೊಮೊಯೆ ಹೋದ ತಿಂಗಳು ಕೇಳಿದ್ದಳು. ಕೇಳುವ ಮುನ್ನ ಎರಡು ರಾತ್ರಿ ನಿದ್ದೆಗೆಟ್ಟಿದ್ದಳು.

"ನಿಯಮ ಅಂದ್ರೆ ನಿಯಮ ಕಣಮ್ಮ," ಎಂದಿದ್ದರು ಯಜಮಾನರು.

ಈಗ ನೋಡಿದರೆ ಒಂದು ಪಂದ್ಯವನ್ನೂ ಆಡದ, ಇನ್ನೂ ತಂಡಕ್ಕೇ ಬಾರದ ಹುಡುಗನಿಗೆ ಹಾಡು! ಅದೇ ಯಜಮಾನರು ಹಾಳೆ ಹಿಡಿದು ತಾಳ ಹಾಕುತ್ತಿದ್ದಾರೆ.

"ಮೂವತ್ತು ಪಂದ್ಯದ ನಿಯಮ ಏನಾಯ್ತು ಯಜಮಾನ್ರೇ?" ತೊಮೊಯೆ ಕೇಳಿಯೇಬಿಟ್ಟಳು. ದನಿ ತಾನು ಅಂದುಕೊಂಡಷ್ಟು ತಮಾಷೆಯಾಗಿ ಬರಲಿಲ್ಲ.

"ಮೊದಲನೇ ಸುತ್ತಿನೋರ ಲೆಕ್ಕ ಬೇರೆ ಕಣಮ್ಮ. ಅವ್ನು ಮೂವತ್ತಲ್ಲ, ಮುನ್ನೂರು ಆಡ್ತಾನೆ."

ಎಲ್ಲರೂ ನಕ್ಕರು. ತೊಮೊಯೆಯೂ ನಕ್ಕಳು. ತಂಡದಿಂದ ಕೈಬಿಡುವವರ ಮೊದಲ ಪಟ್ಟಿ ತಿಂಗಳ ಮೊದಲಿಗೇ ಬಂದಿತ್ತು. ಅದರಲ್ಲಿ ಉಕಾಯ್ ಇರಲಿಲ್ಲ. ಎರಡನೆಯದು ಇನ್ನು ಹತ್ತು ದಿನಕ್ಕೆ ಬರುತ್ತದೆ. ಕ್ಯಾಚರ್ ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ ಹೋಗಬೇಕು. ಸ್ವಂತದ್ದೊಂದು ಹಾಡನ್ನೂ ಕೇಳದೆ ಅವನು ಹೋಗಿಬಿಡುತ್ತಾನೆ.

ಐದಕ್ಕೆ ಸರಿಯಾಗಿ ಟಿವಿಯಲ್ಲಿ ಹೆಸರುಗಳು ಬಂದವು. ಮೊಗಾಮಿಯನ್ನು ನಾಲ್ಕು ತಂಡಗಳು ಕೇಳಿದ್ದವು. ಇನ್ನು ನಾಲ್ಕೂ ತಂಡದ ಮುಖ್ಯಸ್ಥರು ವೇದಿಕೆ ಹತ್ತಿ ಪೆಟ್ಟಿಗೆಗೆ ಕೈಹಾಕಿ ಚೀಟಿಯ ಲಕೋಟೆ ಎತ್ತಬೇಕು, ಗೆಲುವಿನ ಚೀಟಿ ಸಿಕ್ಕವರಿಗೆ ಹುಡುಗ.

"ನಾಲ್ಕು!" ಎಂದು ಕೂಗಿ ಯಜಮಾನರು ಟಿವಿಯ ದನಿ ಅಡಗಿಸಿದರು. ಜಾಹೀರಾತು ಮುಗಿಯುವುದರೊಳಗೆ ಅಂಗಡಿಯ ಶಾಸ್ತ್ರ ಆಗಬೇಕಿತ್ತು. ಆರ್ಡರ್ ಬರೆಯುವ ಪುಸ್ತಕದಿಂದ ನಾಲ್ಕು ಚೀಟಿ ಹರಿದು, ಒಂದರಲ್ಲಿ ಮಾತ್ರ ದಪ್ಪ ಸುನ್ನೆ ಬರೆದು, ಮಡಿಸಿ, ಉದೋನ್ ಜೋಡಿಸಿಡುವ ಮರದ ಪೆಟ್ಟಿಗೆಯಲ್ಲಿ ಕುಲುಕಿದರು. ಇಲ್ಲಿ ಸುನ್ನೆ ಬಂದರೆ ಟೋಕಿಯೋದಲ್ಲೂ ಗೆಲುವು ಎಂದು ಬಳಗದ ನಂಬಿಕೆ. ಆರು ವರ್ಷದ ಹಿಂದೆ ಹಾಗೇ ಆಗಿತ್ತು. ಅಂದು ಎತ್ತಿದವಳು ತೊಮೊಯೆ. ಅಂದಿನಿಂದ ಅವಳ ಕೈಗುಣಕ್ಕೆ ಅಂಗಡಿಯಲ್ಲಿ ಹೆಸರು ಬಂದಿತ್ತು.

"ಬಾರಮ್ಮ, ಎತ್ತು."

"ಈ ಸಲ ಬೇರೆಯೋರು ಎತ್ತಲಿ," ಅಂದಳು.

"ಸುಮ್ನೆ ಎತ್ತೇ! ಮದುವಣಗಿತ್ತಿ ಥರ ನಾಚ್ಕೋತಾಳೆ," ಎಂದಳು ಅಜ್ಜಿ.

ತೊಮೊಯೆ ಕೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದನ್ನೇ ಎತ್ತಿ, ಎದೆಯ ಹತ್ತಿರ ಹಿಡಿದು ಬಿಡಿಸಿದಳು.

ಸುನ್ನೆ. ಮಾರ್ಕರಿನ ಮಸಿ ಇನ್ನೂ ಒಣಗಿರಲಿಲ್ಲ.

ಅಷ್ಟರಲ್ಲಿ ಚಿಹಾರು ಎರಡೂ ಕೈ ಎತ್ತಿ, ತುತ್ತೂರಿಯವರಿಗೆ ಸನ್ನೆ ಮಾಡಲು ಸಿದ್ಧವಾಗಿ ನಿಂತಿದ್ದು ಕಣ್ಣಿಗೆ ಬಿತ್ತು.

"ಖಾಲಿ," ಅಂದಳು ತೊಮೊಯೆ.

ಚೀಟಿಯನ್ನು ಮುದುಡಿ ಕೊರಳಿಗೆ ಸುತ್ತಿಕೊಂಡಿದ್ದ ಟವೆಲಿನ ಮಡಿಕೆಯೊಳಗೆ ತುರುಕಿದಳು. ತೋರಿಸು ಎಂದು ಯಾರೂ ಕೇಳಲಿಲ್ಲ. ಗಿರಣಿಯಲ್ಲಿ ತಾನೇ ಬಿಟ್ಟ ಹೊಲಿಗೆಯನ್ನು ತಾನೇ ಹುಡುಕಿ ಮೇಸ್ತ್ರಿಗೆ ಒಪ್ಪಿಸುವವಳು ಅವಳು. ಅವಳು ಸುಳ್ಳು ಹೇಳಬಹುದೆಂದು ಆ ಅಂಗಡಿಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ.

"ಹೋಗ್ಲಿ ಬಿಡಿ, ಇದೆಲ್ಲ ಆಟಕ್ಕೆ," ಎಂದ ಚಿಹಾರುವಿನ ಮುಖ ಸಣ್ಣಗಾಗಿತ್ತು. ಯಜಮಾನರು ಉಳಿದ ಮೂರು ಚೀಟಿಗಳ ಪೆಟ್ಟಿಗೆಯನ್ನು ಮುಚ್ಚಿ ಟಿವಿಯ ಕೆಳಗಿಟ್ಟರು. ಅಲ್ಲಿ ಫಲ ಗೊತ್ತಾದ ಮೇಲೆ ಅವನ್ನು ಬಿಡಿಸಿ ನೋಡಿ ಉದೋನ್ ಒಲೆಗೆ ಹಾಕುವುದು ಕ್ರಮ. ತೊಮೊಯೆಗೆ ಆ ಕ್ರಮ ನೆನಪಾದದ್ದು ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಕೇಳಿದಾಗ. ಒಳಗಿರುವ ಮೂರೂ ಖಾಲಿ!

ಟಿವಿಯಲ್ಲಿ ನಾಲ್ವರು ಸಾಲಾಗಿ ನಿಂತಿದ್ದರು. ಬೆಳ್ಳಕ್ಕಿ ತಂಡದ ಮುಖ್ಯಸ್ಥರು ಎಡಗೈ ಹಾಕಿದರು. ನಾಲ್ವರೂ ಒಟ್ಟಿಗೆ ಲಕೋಟೆ ಬಿಡಿಸಿದರು. ಕೊನೆಯಲ್ಲಿದ್ದವರು ಮುಷ್ಟಿ ಎತ್ತಿ ಕುಣಿದರು. ಅವರು ಬೆಳ್ಳಕ್ಕಿಯವರಲ್ಲ.

ಅಂಗಡಿಯಲ್ಲಿ ಹೊಟ್ಟೆಯಿಂದ ಬಂದಂಥ ಒಂದು ನರಳಾಟ ಎದ್ದಿತು. ಯಾರೋ ಚಾಪ್‌ಸ್ಟಿಕ್ಕನ್ನು ಮೇಜಿಗೆ ಕುಕ್ಕಿದರು. ಚಿಹಾರು ತನ್ನ ಮುಂದಿನ ಹಾಳೆಯನ್ನು ನಿಧಾನಕ್ಕೆ ಮಗುಚಿ ಹಾಕಿದಳು.

ತೊಮೊಯೆಗೆ ಮೊದಲು ಬಂದದ್ದು ಸಂತೋಷವೇ. ಮೈಯೆಲ್ಲ ಬಿಸಿಯಾಗುವಂಥ, ನಾಚಿಕೆಗೆಟ್ಟ ಸಂತೋಷ. ಅದರ ಹಿಂದೆಯೇ ಭಯ ಬಂತು. ಅಂಗಡಿಯ ಚೀಟಿಗೂ ಟೋಕಿಯೋದ ಪೆಟ್ಟಿಗೆಗೂ ಏನು ಸಂಬಂಧ ಎಂದು ಬುದ್ಧಿ ಹೇಳಿತು. ಆರು ವರ್ಷದ ಹಿಂದೆ ಗೆದ್ದಾಗ ಸಂಬಂಧ ಇದೆಯೆಂದು ಹೆಮ್ಮೆಪಟ್ಟಿದ್ದವಳೂ ತಾನೇ ಅಲ್ಲವೇ?

"ನಿನ್ನ ಕೈ ಮೊದಲೇ ಹೇಳಿತ್ತು ನೋಡು," ಎಂದು ಅಜ್ಜಿ ಅವಳ ಬೆನ್ನು ಸವರಿದಳು. ಆ ಸವರಿಕೆಯನ್ನು ತಾಳಿಕೊಳ್ಳುವುದು ಕಷ್ಟವಾಯಿತು.

ಸೋತ ಮೂರು ತಂಡಗಳು ಮತ್ತೆ ಹೆಸರು ಕೊಟ್ಟವು. ಬೆಳ್ಳಕ್ಕಿ ತಂಡದ್ದು ತನಿಗಾವಾ. ವಿಶ್ವವಿದ್ಯಾಲಯದ ಕೊನೆಯ ವರ್ಷದವನು, ಇಪ್ಪತ್ತೆರಡು ವಯಸ್ಸು. ಬೇರೆ ಯಾರೂ ಕೇಳಿರಲಿಲ್ಲ. ಅವನೂ ಕ್ಯಾಚರ್.

ಯಜಮಾನರು ತೊಡೆ ತಟ್ಟಿದರು. "ಅಯ್ಯೋ, ಇದೇ ಒಳ್ಳೇದಾಯ್ತಲ್ರೋ! ಮೊಗಾಮಿ ಬಂದಿದ್ರೂ ಇನ್ನೂ ನಾಲ್ಕು ವರ್ಷ ಕಲಿಯೋ ಹುಡುಗ್ರ ಎರಡನೇ ತಂಡದಲ್ಲೇ ಬೇಯ್ಬೇಕಿತ್ತು. ಹೈಸ್ಕೂಲು ಕ್ಯಾಚರ್ ಯಾವಾಗ ಹಣ್ಣಾಗಿದಾನೆ ಅಷ್ಟು ಬೇಗ? ಇವ್ನು ಏಪ್ರಿಲ್‌ನಲ್ಲೇ ಆಡ್ತಾನೆ!"

ತೊಮೊಯೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಬೇಸ್‌ಬಾಲ್ ನೋಡುವ ಯಾರಿಗೂ ಗೊತ್ತಿರುವ ವಿಷಯವಿದು. ಹುಡುಗ ಹಣ್ಣಾಗುವವರೆಗಿನ ಆ ನಾಲ್ಕು ವರ್ಷ ಉಕಾಯ್‌ಗೆ ಸಿಗುತ್ತಿತ್ತು. ಎಳೆಯ ಹುಡುಗನಿಗೆ ಕಲಿಸಲಿ ಎಂದಾದರೂ ಅವನನ್ನು ಇಟ್ಟುಕೊಳ್ಳುತ್ತಿದ್ದರು. ಇದೊಂದನ್ನೂ ಯೋಚಿಸದೆ, ಒಂದು ಜೆರಾಕ್ಸ್ ಹಾಳೆಯ ಮೇಲಿನ ಹೊಟ್ಟೆಕಿಚ್ಚಿಗೆ ತಾನು 'ಖಾಲಿ' ಅಂದಿದ್ದಳು.

ಯಜಮಾನರು ಪೆಟ್ಟಿಗೆಯನ್ನು ಒಲೆಯ ಬಳಿಗೆ ಎತ್ತಿಕೊಂಡು ಹೊರಟರು. ಮೊದಲನೆಯದನ್ನು ಬಿಡಿಸಿದರು, ಖಾಲಿ. ಎರಡನೆಯದೂ ಖಾಲಿ. "ಹಾಗಾದ್ರೆ ಇದ್ರಲ್ಲಿ ಇತ್ತು," ಎಂದು ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ತೊಮೊಯೆ ಎದ್ದು, ಟವೆಲಿನಿಂದ ಮುದುಡಿದ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲಿದೆ," ಅಂದಳು. "ನಾನು ಸುಳ್ಳು ಹೇಳಿದೆ."

ಚಿಹಾರು ಚೀಟಿಯನ್ನು ಬಿಡಿಸಿ ನೋಡಿದಳು. ಸುನ್ನೆಯ ಮಸಿ ಟವೆಲಿಗೂ ಹತ್ತಿತ್ತು, 'ಉಕಾಯ್' ಎಂಬ ಕಸೂತಿಯ ಪಕ್ಕದಲ್ಲೇ.

"ಯಾಕಕ್ಕಾ?"

"ನಿನ್ನ ಹಾಡು ತುಂಬ ಚೆನ್ನಾಗಿತ್ತು."

"ಅದಕ್ಕೆ?"

"ಅದಕ್ಕೇ."

ಎಲ್ಲರೂ ಒಟ್ಟಿಗೆ ಮಾತಾಡಿದರು.

"ನಿಜ ಹೇಳಿದ್ರೆ ಗೆಲ್ತಿದ್ವಿ! ಬಂದ ಅದೃಷ್ಟಾನ ಬಾಗಿಲಿಂದಲೇ ಓಡಿಸಿದ್ಳು!" ಯಜಮಾನರ ಕುತ್ತಿಗೆ ಕೆಂಪೇರಿತ್ತು.

"ಈಗ ತಾನೆ ಇದೇ ಒಳ್ಳೇದಾಯ್ತು ಅಂದೋರು ಯಾರೋ?" ಎಂದಳು ಅಜ್ಜಿ. "ಸುನ್ನೆ ಬಂದ್ರೂ ಸೋತ್ವಿ. ನಿಮ್ ಚೀಟಿ ಶಾಸ್ತ್ರಾನೇ ಸುಳ್ಳು ಅಂತಾಯ್ತು, ಅಷ್ಟೇ."

"ಅಜ್ಜಿ, ನಡುವೆ ಬರಬೇಡಿ. ಇನ್ಮೇಲೆ ಇವಳು ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ಯಾವತ್ತೂ."

"ಸರಿ," ಅಂದಳು ತೊಮೊಯೆ. ಸರಿ ಎಂದೇ ಅನ್ನಿಸಿತು. ಸಾಲದು ಎಂದೂ ಅನ್ನಿಸಿತು. ಬಗ್ಗಿ ನಮಸ್ಕರಿಸಿ, ಟವೆಲು ಮಡಿಸಿ ಚೀಲಕ್ಕೆ ಹಾಕಿಕೊಳ್ಳತೊಡಗಿದಳು.

ಚಿಹಾರು ಯಾರ ಮುಖವನ್ನೂ ನೋಡದೆ ಹಾಳೆಗಳನ್ನು ವಾಪಸು ಕೂಡಿಸುತ್ತಿದ್ದಳು. ಅಜ್ಜಿ ತನ್ನದನ್ನು ಕೊಡಲಿಲ್ಲ. ಕನ್ನಡಕ ಏರಿಸಿಕೊಂಡು, ಮೊಗಾಮಿ ಎಂದಿದ್ದಲ್ಲೆಲ್ಲ ಉಕಾಯ್ ಎಂದು ಸೇರಿಸಿ, ರಾಗ ಸ್ವಲ್ಪ ಆಚೀಚೆ ಮಾಡಿಕೊಂಡು ಗುನುಗಿದಳು. ಹೆಸರು ರಾಗಕ್ಕೆ ಸಲೀಸಾಗಿ ಕೂತಿತು.

ತೊಮೊಯೆಯ ಎದೆಯಲ್ಲಿ ಚುರ್ರೆಂದಿತು. ಒಂಬತ್ತು ವರ್ಷದಲ್ಲಿ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅಷ್ಟು ಮುದ್ದಾಗಿ ಕೇಳಿರಲಿಲ್ಲ.

"ಅಜ್ಜಿ, ಆ ಹಾಳೆ ಕೊಡಿ," ಎಂದಳು ಚಿಹಾರು.

"ಮೀನು ಸುತ್ತೋಕೆ ಬೇಕು."

"ಇಪ್ಪತ್ತೇಳು ಮೂವತ್ತಾಗಲ್ಲ," ಎಂದರು ಯಜಮಾನರು, ಯಾರೂ ಕೇಳದಿದ್ದರೂ. ಒಲೆಯ ಮೇಲಿನ ಹಂಡೆಯನ್ನು ಕಲಕುತ್ತಾ ಮತ್ತೆ ಅಂದರು, "ಭಾನುವಾರದ್ದು ಅಭ್ಯಾಸ ಪಂದ್ಯ, ಬೆರಳು ವಾಸಿಯಾಗಿ ಉಕಾಯ್ ಆಡ್ತಾನಂತೆ. ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ ಪಂದ್ಯಕ್ಕೆ ನಿಯಮಾನೂ ಇಲ್ಲ. ಹಾಡು ಕಟ್ಟಿದೋಳು ಒಪ್ಪಿದ್ರೆ."

ಎಲ್ಲರೂ ಚಿಹಾರುವಿನತ್ತ ನೋಡಿದರು. ಅವಳು ಬಹಳ ಹೊತ್ತು ಹಾಳೆಗಳ ಅಂಚನ್ನು ಮೇಜಿಗೆ ತಟ್ಟಿ ಸರಿಮಾಡುತ್ತಲೇ ಇದ್ದಳು.

"ನನಗಿನ್ನೂ ಸಿಟ್ಟು ಹೋಗಿಲ್ಲ ಅಕ್ಕ," ಅಂದಳು ಕೊನೆಗೆ. "ಆದ್ರೆ ರಾಗ ವ್ಯರ್ಥ ಆಗೋದು ನಂಗಿಷ್ಟ ಇಲ್ಲ. ಎರಡನೇ ಸಾಲು ಬದಲಾಯಿಸ್ಬೇಕು. 'ಹದಿನೆಂಟರ ತೋಳು' ಅಂತಿದೆ. ಅವ್ರಿಗೆ ಮೂವತ್ತೊಂದಲ್ವಾ?"

"ಮೂವತ್ತು. ಫೆಬ್ರವರಿಗೆ ಮೂವತ್ತೊಂದು."

"ಅವ್ರ ಬಗ್ಗೆ ಏನಾದ್ರೂ ಹೇಳಿ. ಬೇರೆ ಯಾರಿಗೂ ಗೊತ್ತಿಲ್ಲದ್ದು. ಸಾಲಿಗೆ ಹಾಕ್ತೀನಿ." ಚಿಹಾರು ಪೆನ್ಸಿಲು ಹಿಡಿದು ಎದುರಿಗೆ ಕೂತಳು.

ಬೇರೆ ಯಾರಿಗೂ ಗೊತ್ತಿಲ್ಲದ್ದು. ತೊಮೊಯೆಯ ಹತ್ತಿರ ಅಂಥವು ಎಷ್ಟೋ ಇದ್ದವು. ಅವನಿಗೆ ಹಾಡು ಬೇಕೆಂದು ಒಂಬತ್ತು ವರ್ಷ ಹಂಬಲಿಸಿದವಳು ಅವಳೇ. ಈಗ ಕೇಳುವವರು ಎದುರಿಗೆ ಕೂತಾಗ ಒಂದನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಭಾನುವಾರ ಇವರೆಲ್ಲ ಅದನ್ನು ತುತ್ತೂರಿಯಲ್ಲಿ ಊದುತ್ತಾರೆ. ಆಮೇಲೆ ಅವನು ಎಲ್ಲರವನು.

"ಮಳೆ ಬಂದಾಗ," ಅಂದಳು ಕಡೆಗೆ, "ಚೆಂಡನ್ನ ಎದೆಕವಚದೊಳಗೆ ಇಟ್ಕೊಂಡು ಒರೆಸಿ, ಒಣಗಿಸಿ ಪಿಚರ್‌ಗೆ ಕೊಡ್ತಾನೆ. ತಾನು ಮಾತ್ರ ನೆನೀತಾ ಇರ್ತಾನೆ."

"ಎದೆಯಲಿ ಒಣಗಿದ ಚೆಂಡು," ಎಂದು ಚಿಹಾರು ಮೆಲ್ಲಗೆ ಹಾಡಿ ನೋಡಿದಳು. ಮೂರು ಸಲ ಹಾಡಿ ಬರೆದುಕೊಂಡಳು. "ಚೆನ್ನಾಗಿದೆ. ಇನ್ನೊಂದು?"

ಇನ್ನೊಂದು ಇತ್ತು. ಎರಡನೇ ತಂಡದ ಮೈದಾನ, ಏಪ್ರಿಲಿನ ಒಂದು ಮಧ್ಯಾಹ್ನ, ನೋಡುವವರು ಹನ್ನೊಂದೇ ಜನ. ಅವಳು ಮೊದಲ ಸಲ ಅವನ ಹೆಸರು ಕೂಗಿದ್ದಳು. ಅವನು ಮುಖಕ್ಕೆ ಹಾಕಿದ್ದ ಜಾಲರಿ ತೆಗೆದು, ಯಾರು ಕೂಗಿದ್ದೆಂದು ಹುಡುಕಿ, ಅವಳಿಗೊಬ್ಬಳಿಗೇ ತಲೆಬಾಗಿದ್ದ.

"ಇಲ್ಲ," ಅಂದಳು ತೊಮೊಯೆ. "ಅಷ್ಟೇ ನಂಗೆ ಗೊತ್ತಿರೋದು."